ಟಿಬಿಲಿಸಿಯಲ್ಲಿ ನಾನು ಮಾಡಿದ ಸನ್ಮಾನ

ಜಮಖಂಡಿ, ಗಂಟು ಕಟ್ಟುವಾಗ

ಜಾರ್ಜಿಯಾಕ್ಕೆ ಹೊರಟಿದ್ದೇವೆ ಎಂದು ಹೇಳಿದಾಗ ನಮ್ಮ ಹೆಡ್ ಮಾಸ್ತರರು, "ಅಮೆರಿಕಾದಾಗ ನಿಮ್ಮವರು ಯಾರದಾರ್ರಿ?" ಎಂದು ಕೇಳಿದರು. ಅದು ಬೇರೆ ಜಾರ್ಜಿಯಾ, ನಾವು ಹೋಗುವುದು ಕಪ್ಪು ಸಮುದ್ರದ ಪಕ್ಕದ ದೇಶ, ಅದರ ರಾಜಧಾನಿಯ ಹೆಸರು ಟಿಬಿಲಿಸಿ ಎಂದು ನಾನು ಗೋಡೆಯ ನಕ್ಷೆಗೆ ಕೋಲು ಇಟ್ಟು ವಿವರಿಸಿದೆ. ಹಾಜರಿ ಪುಸ್ತಕ ಒಯ್ಯಲು ಬಂದಿದ್ದ ಒಂಬತ್ತನೇ ತರಗತಿಯ ಹುಡುಗಿ, "ಸರ್, ಅದು ತುರ್ಕಿರಿ" ಎಂದಳು. ಕೋಲನ್ನು ಸ್ವಲ್ಪ ಮೇಲಕ್ಕೆ ಸರಿಸಿದೆ. ನಾನು ಜಮಖಂಡಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮುಂದೆ ನಾನು ದಾರಿ ತಪ್ಪಿದಾಗಲೆಲ್ಲ ನಿಮಗೆ ನಗಲು ಅನುಕೂಲ.

ಆ ದೇಶವೇ ಏಕೆ ಎಂದರೆ ಕಾರಣ ದೊಡ್ಡದೇನಲ್ಲ. ದುಬೈಗೆ ನಮ್ಮ ಓಣಿಯ ಗುತ್ತಿಗೆದಾರರು ಹೋಗಿ ಬಂದಿದ್ದರು. ಬನಹಟ್ಟಿಯ ಸೀರೆ ವ್ಯಾಪಾರಿಗಳು ಥಾಯ್ಲೆಂಡಿಗೆ ಹಿಂಡುಗಟ್ಟಿ ಹೋಗಿ ಬಂದು, ಆನೆಯ ಮೇಲೆ ಕುಳಿತ ಫೋಟೋ ಅಂಗಡಿಯಲ್ಲಿ ತೂಗು ಹಾಕಿದ್ದರು. ನಮ್ಮ ಕಡೆಯ ಯಾರೂ ಹೋಗದ ಊರಿಗೆ ಹೋದರೆ ನಾನು ಹೇಳಿದ್ದೇ ನಡೆಯುತ್ತದೆ, ತಿದ್ದುವವರು ಇರುವುದಿಲ್ಲ. ನನ್ನ ಹೆಂಡತಿ ಕಸ್ತೂರಿಯ ಕಾರಣ ಬೇರೆ. "ಇಷ್ಟು ವರ್ಸ ಕೋಲು ಹಚ್ಚಿ ಹುಡುಗರಿಗೆ ಜಗತ್ತು ತೋರಿಸೀರಿ. ನನಗ ಒಂದರೆ ಊರು ಖರೆ ತೋರಸ್ರಿ" ಎಂದಿದ್ದಳು.

ಹೊರಡುವ ಮೊದಲು ಗಲಗಲಿಗೆ ಹೋಗಿ ಅಪ್ಪನ ಕಾಲಿಗೆ ಬಿದ್ದೆವು. ಅಪ್ಪ ಅಲ್ಲಿ ನನ್ನ ತಮ್ಮನ ಸಂಸಾರ ಮತ್ತು ಕುರಿಗಳ ಜೊತೆ ಇದ್ದಾನೆ. ಈಗಲೂ ಕುರಿ ಕಾಯಲು ತಾನೇ ಹೋಗಬೇಕೆಂದು ಹಟ ಮಾಡುತ್ತಾನೆ. ಅಲ್ಲಿ ಚಳಿ ಇರುತ್ತದೆ ಎಂದು ಕೇಳಿದವನೇ ಒಳಗೆ ಹೋಗಿ ಪೆಟ್ಟಿಗೆ ತೆರೆದು ಕರಿ ಕಂಬಳಿ ತಂದ. ಅದು ಅವ್ವನದು. ನಮ್ಮವೇ ಕುರಿಗಳ ಉಣ್ಣೆಯನ್ನು ಅವ್ವ ಕೂತು ನೂತು, ನೇಯಿಸಿದ್ದು. ಅದಾದ ಮೇಲೆ ಅವಳು ಮತ್ತೊಂದು ನೂಲಲಿಲ್ಲ. ತೀರಿಕೊಂಡು ಮೂರು ವರ್ಷ.

ನಾನು ಕೈ ಚಾಚಿದೆ. ಅಪ್ಪ ನನ್ನ ಕೈ ದಾಟಿಸಿ ಕಸ್ತೂರಿಗೆ ಕೊಟ್ಟ. "ಇಂವನ ಕೈಯಾಗ ಕೊಡಬ್ಯಾಡವಾ. ಎಲ್ಲೆರೆ ಬಿಟ್ಟು ಬರತಾನ. ನೀ ಒಯ್ದು ನೀನ ತಿರುಗಿ ತಾ. ನಿಮ್ಮತ್ತಿದು ಅಂತ ಮನ್ಯಾಗ ಉಳದದ್ದು ಇದೊಂದ."

"ತರತೀನ್ರಿ ಮಾವಾರ" ಎಂದು ಕಸ್ತೂರಿ ಕಂಬಳಿಯನ್ನು ಕಣ್ಣಿಗೆ ಒತ್ತಿಕೊಂಡಳು. ಇಷ್ಟು ದೊಡ್ಡವನಾದ ಮೇಲೂ ಅಪ್ಪ ನನ್ನನ್ನು ನಂಬುವುದಿಲ್ಲವಲ್ಲ ಎಂದು ನನಗೆ ಬಸ್ಸಿನಲ್ಲಿ ಜಮಖಂಡಿ ಬರುವವರೆಗೂ ಸಿಟ್ಟಿತ್ತು.

ಟಿಬಿಲಿಸಿ, ಬೆಟ್ಟದ ಮೇಲೆ

ಆ ಊರಿಗೆ ಹೋದವರು ಮೊದಲು ತಂತಿಯ ಮೇಲೆ ತೂಗುವ ಗಾಜಿನ ಡಬ್ಬಿಯಲ್ಲಿ ಕುಳಿತು ನದಿ ದಾಟಿ ಬೆಟ್ಟ ಹತ್ತಬೇಕು. ಮೇಲೆ ಹಳೆಯ ಕೋಟೆ ಇದೆ. ಅದರ ಪಕ್ಕದಲ್ಲಿ ಬೆಳ್ಳಗೆ ಹೊಳೆಯುವ ದೊಡ್ಡ ಹೆಣ್ಣಿನ ಮೂರ್ತಿ. ಅವಳ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಕತ್ತಿ. ಗೆಳೆಯರಾಗಿ ಬಂದವರಿಗೆ ಬಟ್ಟಲಿನ ದ್ರಾಕ್ಷಾರಸ, ವೈರಿಗಳಾಗಿ ಬಂದವರಿಗೆ ಕತ್ತಿ ಎಂದು ಅರ್ಥವಂತೆ. ನಾನು ಈ ಅರ್ಥವನ್ನು ವಿಸ್ತಾರವಾಗಿ ಹೇಳುತ್ತಿದ್ದೆ. ಕಸ್ತೂರಿ ಕೇಳಿಸಿಕೊಂಡು, "ನಮ್ಮ ಮನ್ಯಾಗ ಎರಡೂ ಒಂದ ಕೈಯಾಗ ಇರತಾವು ನೋಡ್ರಿ" ಎಂದಳು.

ಮೇಲಿನಿಂದ ಇಡೀ ಊರು ಕಾಣುತ್ತದೆ. ಕೆಂಪು ಹೆಂಚು, ಕಟ್ಟಿಗೆಯ ಉಪ್ಪರಿಗೆ, ನಡುವೆ ಮಣ್ಣು ಬಣ್ಣದ ನದಿ. ಮಳೆಗಾಲದಲ್ಲಿ ಗಲಗಲಿಯ ಕೃಷ್ಣೆಗೂ ಇದೇ ಬಣ್ಣ, ಆದರೆ ಅಗಲದಲ್ಲಿ ನಮ್ಮ ಹೊಳೆಯ ಮುಂದೆ ಇದು ಕಾಲುವೆ. ಹಾಗಂತ ಗಟ್ಟಿಯಾಗಿ ಹೇಳಿಯೂ ಬಿಟ್ಟೆ. ಪರದೇಶಕ್ಕೆ ಹೋದವನು ಎಲ್ಲದಕ್ಕೂ ತನ್ನ ಊರಿನದೇ ಗಜ ಹಿಡಿದು ಅಳೆಯುವುದು ಮೂರ್ಖತನ ಎಂದು ಹುಡುಗರಿಗೆ ಹೇಳುತ್ತ ಬಂದವನು ನಾನೇ.

ಇಳಿಯುವಾಗ ಡಬ್ಬಿ ಬೇಡ, ನಕ್ಷೆ ಇದೆ, ನಡೆದೇ ಹೋಗೋಣ ಎಂದೆ. ನಡೆದೆವು. ಒಂದು ಇಗರ್ಜಿಯ ಮುಂದೆ ಹಾದೆವು, ಸ್ವಲ್ಪ ಹೊತ್ತಿಗೆ ಅಂಥದ್ದೇ ಇನ್ನೊಂದು ಬಂತು. ಮೂರನೆಯದು ಬಂದಾಗ, "ಇದು ಅದ ಐತ್ರಿ. ಆ ನಾಯಿ ನಮ್ಮನ್ನ ನೋಡಿ ಬಾಲ ಅಳ್ಳಾಡಸಾಕತ್ತೈತಿ" ಎಂದಳು ಕಸ್ತೂರಿ. ಅಲ್ಲಿಯ ಬೀದಿನಾಯಿಗಳು ದುಂಡಗೆ, ಕಿವಿಗೆ ಬಿಲ್ಲೆ ಹಾಕಿಸಿಕೊಂಡು, ಸರಕಾರಿ ನೌಕರರ ಹಾಗೆ ನಿಶ್ಚಿಂತೆಯಿಂದ ಮಲಗಿರುತ್ತವೆ. ಆ ನಾಯಿಯೇ ಎದ್ದು ನಮ್ಮ ಮುಂದೆ ನಡೆದು ದೊಡ್ಡ ರಸ್ತೆಗೆ ತಂದು ಬಿಟ್ಟಿತು. ನಕ್ಷೆಯನ್ನು ನಾನು ಕಿಸೆಗೆ ಸೇರಿಸಿದೆ.

ಬಸ್ಸಿನಲ್ಲಿ ಒಂದು ಸಂಗತಿ ಕಂಡು ಖುಷಿಯಾಯಿತು. ಕಿಟಕಿಯಲ್ಲಿ ಇಗರ್ಜಿ ಕಾಣಿಸಿದರೆ ಸಾಕು, ಫೋನಿನಲ್ಲಿ ಮಾತಾಡುತ್ತಿದ್ದವರೂ ಮಾತು ನಿಲ್ಲಿಸದೆ ಎದೆಯ ಮೇಲೆ ಮೂರು ಸಲ ಶಿಲುಬೆ ಗುರುತು ಮಾಡಿಕೊಳ್ಳುತ್ತಾರೆ. ಬೀಳಗಿಯಿಂದ ಬಾಗಲಕೋಟೆಗೆ ಹೋಗುವ ಬಸ್ಸಿನಲ್ಲಿ ಹನುಮಪ್ಪನ ಗುಡಿ ಬಂದಾಗ ನಮ್ಮವರೂ ಹೀಗೆಯೇ ಮಾತಿನ ನಡುವೆ ಎದೆ ಮುಟ್ಟಿಕೊಳ್ಳುತ್ತಾರೆ. ಕಸ್ತೂರಿ ಅವರ ಜೊತೆ ತಾನೂ ಕೈ ಮುಗಿದಳು. ಪಕ್ಕದ ಮುದುಕಿ ಸಂತೋಷಪಟ್ಟು ಅವಳ ಕೈಗೆ ಒಂದು ಸೇಬು ಕೊಟ್ಟಳು.

ಭಾಷೆಯ ವಿಷಯದಲ್ಲಿ ನನ್ನ ಮರ್ಯಾದೆ ಹೋದದ್ದು ರೊಟ್ಟಿ ಅಂಗಡಿಯಲ್ಲಿ. ಅಲ್ಲಿ ನೆಲದ ಮಟ್ಟದ ದೊಡ್ಡ ಮಣ್ಣಿನ ಒಲೆಯೊಳಗೆ ಅರ್ಧ ಮೈ ಬಗ್ಗಿಸಿ, ಗೋಡೆಗೆ ದೋಣಿಯಾಕಾರದ ರೊಟ್ಟಿ ಬಡಿಯುತ್ತಾರೆ. ನಾನು ವ್ಯಾಕರಣ ಶುದ್ಧವಾದ ಇಂಗ್ಲಿಷಿನಲ್ಲಿ ಕೇಳಿದೆ. ರೊಟ್ಟಿಯವಳು ನನ್ನ ಬಾಯಿಯನ್ನೇ ನೋಡಿದಳು. ಕಸ್ತೂರಿ ಮುಂದೆ ಬಂದು, "ಯವ್ವಾ, ಬಿಸೀದೊಂದು ಕೊಡು, ಕರಕಾಗಿದ್ದು ಬ್ಯಾಡ" ಎಂದಳು. ರೊಟ್ಟಿಯವಳು ಕರಕಾದದ್ದನ್ನು ಪಕ್ಕಕ್ಕೆ ಸರಿಸಿ, ಒಲೆಯಿಂದ ಆಗ ತೆಗೆದದ್ದನ್ನು ಕೊಟ್ಟಳು. ಇದು ಹೇಗಾಯಿತು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಅದನ್ನು ಊರಿಂದ ಒಯ್ದಿದ್ದ ಶೇಂಗಾ ಚಟ್ನಿ ಹಚ್ಚಿಕೊಂಡು ರಸ್ತೆ ಬದಿಯಲ್ಲೇ ನಿಂತು ತಿಂದೆವು, ಬಹಳ ರುಚಿಯಾಗಿತ್ತು.

ಗಂಧಕದ ಸ್ನಾನ

ಕೋಟೆಯ ಕೆಳಗೆ ಇಟ್ಟಿಗೆಯ ಗುಮ್ಮಟಗಳು ಬುಟ್ಟಿ ಬೋರಲು ಹಾಕಿದ ಹಾಗೆ ಸಾಲಾಗಿವೆ. ಅವುಗಳ ಕೆಳಗೆ ಭೂಮಿಯೊಳಗಿನಿಂದ ಬರುವ ಗಂಧಕದ ಬಿಸಿನೀರು. ಟಿಬಿಲಿಸಿಗೆ ಹೋಗಿ ಅಲ್ಲಿ ಸ್ನಾನ ಮಾಡದೆ ಬರಬಾರದು ಎಂದು ಎಲ್ಲರೂ ಹೇಳುತ್ತಾರೆ. ವಾಸನೆ ಮಾತ್ರ ಕೊಳೆತ ತತ್ತಿಯದು. ಕಸ್ತೂರಿ ಹೆಂಗಸರ ಕಡೆ ಹೋದಳು, ನಾನು ಗಂಡಸರ ಕಡೆ.

ಹೊಳೆಯಲ್ಲಿ ಈಜಿ ಬೆಳೆದವನಿಗೆ ಸ್ನಾನದ ಭಯ ಎಲ್ಲಿಯದು ಎಂದುಕೊಂಡಿದ್ದೆ. ಒಳಗೆ ಮೈ ತಿಕ್ಕುವ ಆಸಾಮಿ ನಿಂತಿದ್ದ. ಅವನ ಒಂದೊಂದು ಅಂಗೈ ನಮ್ಮ ಕಡೆಯ ರೊಟ್ಟಿಯಷ್ಟು ಅಗಲ. ನನ್ನ ಚಡ್ಡಿಯ ಕಡೆ ಬೆರಳು ತೋರಿಸಿ ತಲೆ ಅಲ್ಲಾಡಿಸಿದ. ಸುತ್ತ ನೋಡಿದರೆ ಯಾರ ಮೈಮೇಲೂ ನೂಲಿನ ಎಳೆ ಇಲ್ಲ, ಯಾರಿಗೂ ಅದರ ಪರಿವೆಯೂ ಇಲ್ಲ. ನಾನು ಚಡ್ಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅವನು ನನ್ನ ಮುಖ ನೋಡಿ, ಇದು ಆಗುವ ಮಾತಲ್ಲ ಎಂದು ತಿಳಿದು, ನನ್ನನ್ನು ಎತ್ತಿ ಕಲ್ಲಿನ ಮೇಲೆ ಬೋರಲು ಹಾಕಿ ತಿಕ್ಕತೊಡಗಿದ. ಉಣ್ಣೆ ಕತ್ತರಿಸುವಾಗ ಕುರಿ ಏಕೆ ಸುಮ್ಮನೆ ಮಲಗಿರುತ್ತದೆ ಎಂದು ಚಿಕ್ಕಂದಿನಲ್ಲಿ ಅಪ್ಪನನ್ನು ಕೇಳಿದ್ದೆ. ಅವತ್ತು ಉತ್ತರ ಸಿಕ್ಕಿತು. ಕೊನೆಗೆ ನನ್ನ ಬೆನ್ನಿನಿಂದ ಬಂದ ಮಣ್ಣನ್ನು ಅಂಗೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದ. ಎಲ್ಲರೂ ಮೆಚ್ಚಿದರು.

ಹೊರಗೆ ಬಂದಾಗ ತಲೆ ಗಿರ್ ಎನ್ನುತ್ತಿತ್ತು. ತಣ್ಣನೆಯ ಗಾಳಿ ಬೇರೆ. ಕಸ್ತೂರಿ ಚೀಲದಿಂದ ಕಂಬಳಿ ತೆಗೆದು ನನಗೆ ಹೊಚ್ಚಿ ಬೆಂಚಿನ ಮೇಲೆ ಕೂಡ್ರಿಸಿದಳು. ಆ ಕಂಬಳಿಯ ಒರಟು, ಅದರ ಕುರಿವಾಸನೆ, ಅದರೊಳಗಿನ ಬಿಸಿ. ಕಣ್ಣು ಮುಚ್ಚಿದರೆ ಅವ್ವ ಪಕ್ಕದಲ್ಲಿ ಕೂತು ನೂಲುತ್ತಿದ್ದಾಳೆ ಅನಿಸಿತು.

ಒಣ ಸೇತುವೆಯ ಸಂತೆ

ಆ ಊರಿನಲ್ಲಿ ಕೆಳಗೆ ನೀರಿಲ್ಲದ ಒಂದು ಸೇತುವೆ ಇದೆ. ಅದರ ಮೇಲೂ ಪಕ್ಕದಲ್ಲೂ ಹಳೆಯ ಸಾಮಾನಿನ ಸಂತೆ ನಡೆಯುತ್ತದೆ. ರಾಜಧಾನಿಯಲ್ಲಿ ನೋಡಲು ಏನಿದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಮುರಿದುಹೋದ ಸೋವಿಯತ್ ಕಾಲದ ಪದಕಗಳು, ಕ್ಯಾಮೆರಾ, ಗಡಿಯಾರ, ಒಂಟಿ ಚಹಾ ಕಪ್ಪು, ಜೋಡಿ ತಪ್ಪಿದ ಬಸಿ, ಯಾರದೋ ಮದುವೆಯ ಫೋಟೋ, ಎಲ್ಲವೂ ನೆಲದ ಮೇಲೆ ಹಾಸಿದ ಬಟ್ಟೆಯ ಮೇಲೆ. ಮಾರುವವರಿಗೆ ಅವಸರವಿಲ್ಲ. ಇಸ್ಪೀಟು ಆಡುತ್ತ ಕೂತಿರುತ್ತಾರೆ.

ಕಪ್ಪು-ಬಸಿ ಮಾರುವ ಲಾಲಿ ಎಂಬ ಹೆಂಗಸಿಗೆ ಇಂಗ್ಲಿಷ್ ಬರುತ್ತಿತ್ತು. ಕಸ್ತೂರಿ ಅವಳ ಹತ್ತಿರ ಬಸಿ ನೋಡುತ್ತ ಕೂತಳು. ಪಕ್ಕದ ಅಂಗಡಿ ಗುರಾಮ್ ಎಂಬ ಮುದುಕನದು. ಬಿಳಿ ಮೀಸೆ, ತಲೆಗೆ ಉಣ್ಣೆಯ ಟೊಪ್ಪಿಗೆ. ಅವನ ಮುಂದೆ ದ್ರಾಕ್ಷಾರಸ ಕುಡಿಯುವ ಕೊಂಬುಗಳು, ಚಾಕು, ಅವುಗಳ ನಡುವೆ ಕುರಿಯ ಕೊರಳ ಗಂಟೆ ಮತ್ತು ಉಣ್ಣೆ ಕತ್ತರಿಸುವ ಕತ್ತರಿ. ಥೇಟ್ ನಮ್ಮ ಮನೆಯಲ್ಲಿರುವಂಥ ಕತ್ತರಿ! ನಾನು ಅದನ್ನು ಎತ್ತಿ ಗಾಳಿಯಲ್ಲಿ ಕುರಿಯ ಉಣ್ಣೆ ಕತ್ತರಿಸಿ ತೋರಿಸಿದೆ. ಮುದುಕ ಎದ್ದು ನಿಂತ. ತಾನು ಬೆಟ್ಟದಲ್ಲಿ ಕುರಿ ಕಾಯುತ್ತಿದ್ದವನೆಂದು, ಮೊಣಕಾಲು ಹೋದ ಮೇಲೆ ಊರಿಗೆ ಇಳಿದೆನೆಂದು ಲಾಲಿಯ ಬಾಯಿಂದ ಹೇಳಿಸಿದ. ನಾವೂ ಕುರುಬರು, ನಮ್ಮ ದೇವರು ಬೀರಪ್ಪನೂ ಕುರಿ ಕಾದವನೇ ಎಂದು ನಾನು ಹೇಳಿದೆ. ಸಾಕ್ಷಿಗೆ ಚೀಲದಿಂದ ಕಂಬಳಿ ತೆಗೆದು ತೋರಿಸಿದೆ. ಅವನು ಉಣ್ಣೆಯನ್ನು ಬೆರಳಲ್ಲಿ ಉಜ್ಜಿ, ಮೂಸಿ, ಕಣ್ಣು ಮುಚ್ಚಿಕೊಂಡ.

ಇನ್ನು ಆದದ್ದಕ್ಕೆ ನಮ್ಮ ಶಾಲೆಯನ್ನು ಬೈಯಬೇಕು. ನಮ್ಮಲ್ಲಿ ಯಾವ ಕಾರ್ಯಕ್ರಮವಾದರೂ ಅತಿಥಿಗಳಿಗೆ ಶಾಲು ಹೊದಿಸುವ ಕೆಲಸ ನನ್ನದು. ಫೋಟೋದವನು ತಯಾರಾಗುವವರೆಗೆ ಶಾಲನ್ನು ಎರಡೂ ಕೈಯಲ್ಲಿ ಹಿಡಿದು ಹಲ್ಲು ಕಿರಿಯುತ್ತ ನಿಲ್ಲುವುದು ನನಗೆ ಮೈಗೂಡಿದ ವಿದ್ಯೆ. ನಮ್ಮದು ಬಡ ಶಾಲೆ, ಶಾಲು ಇರುವುದು ಒಂದೇ. ಮೊದಲನೇ ಅತಿಥಿಗೆ ಹೊದಿಸಿದ್ದು ಕುರ್ಚಿಯ ಹಿಂದಿನಿಂದ ಮೆಲ್ಲಗೆ ವಾಪಸು ಬಂದು ಎರಡನೆಯವರ ಹೆಗಲೇರುತ್ತದೆ. ಅತಿಥಿಗಳಿಗೂ ಇದು ಗೊತ್ತು, ತಾವೇ ಮಡಚಿ ಹಿಂದಕ್ಕೆ ಕೊಡುತ್ತಾರೆ.

"ಕಸ್ತೂರಿ, ಒಂದು ಫೋಟೋ ತಗಿ" ಎಂದವನೇ ನಾನು ಕಂಬಳಿಯನ್ನು ಗುರಾಮ್ ಅಜ್ಜನ ಹೆಗಲ ಮೇಲೆ ಹೊದಿಸಿ, ಅವನ ಕೈ ಹಿಡಿದು, ಕ್ಯಾಮೆರಾಕ್ಕೆ ಹಲ್ಲು ಕಿರಿದೆ. ಅವಳು ತೆಗೆದಳು. ಅಜ್ಜನ ಕಣ್ಣು ತುಂಬಿ ಬಂತು. ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟ. ಇದ್ದುದರಲ್ಲೇ ದೊಡ್ಡದಾದ, ಬೆಳ್ಳಿಕಟ್ಟಿನ ಕೊಂಬನ್ನು ಎತ್ತಿ ನನ್ನ ಎದೆಗೆ ಒತ್ತಿದ. ಅಷ್ಟರಲ್ಲಿ ಯಾರೋ ಕಾರಿನಲ್ಲಿ ಬಂದು ಕರೆದರು. ಅಂಗಡಿ ನೋಡಿಕೊಳ್ಳಲು ಲಾಲಿಗೆ ಹೇಳಿ, ಹೆಗಲ ಮೇಲಿನ ಕಂಬಳಿಯ ಸಮೇತ ಕಾರು ಹತ್ತಿ ಕಿಟಕಿಯಿಂದ ಕೈ ಬೀಸುತ್ತ ಹೋಗಿಬಿಟ್ಟ. ನಾನೂ ಕೈ ಬೀಸಿದೆ. ಕುರ್ಚಿಯ ಹಿಂದಿನಿಂದ ಕಂಬಳಿ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕೈ ಇನ್ನೂ ಕಾಯುತ್ತಿತ್ತು.

"ಕಂಬಳಿ ಎಲ್ಲೈತ್ರಿ?" ಎಂದಳು ಕಸ್ತೂರಿ.

ನಾನು ಕೊಂಬು ತೋರಿಸಿದೆ.

ಮಳೆ

ಮಾರನೇ ದಿನ ಮಳೆ. ಮಳೆ ಬಂದರೆ ಒಣ ಸೇತುವೆಯ ಸಂತೆ ಕೂಡುವುದಿಲ್ಲ. ಅಜ್ಜನ ವಿಳಾಸ ನಮಗೆ ಗೊತ್ತಿಲ್ಲ, ಲಾಲಿಯ ನಂಬರ್ ತೆಗೆದುಕೊಂಡಿರಲಿಲ್ಲ. ಅದರ ಮರುದಿನ ಸಂಜೆ ನಮ್ಮ ವಿಮಾನ. ಖಾಲಿ ಸೇತುವೆಯ ಮೇಲೆ ಒಂದು ಕೊಡೆಯ ಕೆಳಗೆ ನಾವಿಬ್ಬರೂ ನಿಂತಿದ್ದೆವು. ನನ್ನ ಬಗಲಲ್ಲಿ ಆ ಕೊಂಬು.

"ಮಾವಾರು ನನ್ನ ಕೈಯಾಗ ಕೊಟ್ಟಿದ್ದರು" ಎಂದಳು ಕಸ್ತೂರಿ. "ನಿಮ್ಮನ್ನ ಅವರು ಬೈದ ಬಿಡತಾರ. ನನ್ನ ಬೈಯೂದಿಲ್ಲ. ಸುಮ್ಮನ ಒಳಗ ಹೋಗಿ ಖಾಲಿ ಪೆಟಗಿ ಮುಚ್ಚತಾರ. ಅದನ್ನ ಹ್ಯಾಂಗ ನೋಡ್ಲಿ?"

ನಾನು ಕೊಡೆಯನ್ನು ಅವಳ ಕಡೆ ಸರಿಸಿದೆ. ಅವತ್ತು ವಸ್ತುಸಂಗ್ರಹಾಲಯ ನೋಡಿದೆವು. ಬಹಳ ಚೆನ್ನಾಗಿದೆಯಂತೆ. ನನಗೆ ಒಂದೂ ನೆನಪಿಲ್ಲ.

ಗುರಾಮ್ ಅಜ್ಜನ ಅಂಗಳ

ಕೊನೆಯ ದಿನ ಬಿಸಿಲು ಬಿತ್ತು. ಸೇತುವೆಗೆ ಓಡಿದೆವು. ಲಾಲಿ ಇದ್ದಳು, ಅಜ್ಜ ಬಂದಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ, ಅದು ಅವಳ ದೊಡ್ಡಗುಣ. ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ ನಮ್ಮನ್ನು ಕರೆದುಕೊಂಡು ಹೊರಟಳು.

ಕಟ್ಟಿಗೆಯ ಉಪ್ಪರಿಗೆಗಳ ನಡುವೆ ಒಂದು ಅಂಗಳ, ಮೇಲೆ ದ್ರಾಕ್ಷಿ ಬಳ್ಳಿಯ ಚಪ್ಪರ. ಅದರ ಕೆಳಗೆ ಗುರಾಮ್ ಅಜ್ಜ ಕಂಬಳಿ ಹೊದ್ದು ಕೂತಿದ್ದ. ನಮ್ಮನ್ನು ಕಂಡು ಕೂಗು ಹಾಕಿದ. ನೋಡನೋಡುತ್ತ ಮೇಜಿನ ಮೇಲೆ ರೊಟ್ಟಿ, ಗಿಣ್ಣು, ಅಕ್ರೋಟು, ಸೊಪ್ಪು ತುಂಬಿತು. ಅವನೇ ಕೊಟ್ಟ ಕೊಂಬನ್ನು ನನ್ನ ಕೈಯಿಂದ ಇಸಕೊಂಡು ದ್ರಾಕ್ಷಾರಸ ಸುರಿಯಲು ಬಂದ. ನಾನು ಕುಡಿಯುವವನಲ್ಲ ಎಂದಾಗ ಹಸಿರು ಬಣ್ಣದ ಸಿಹಿ ಸೋಡಾ ತುಂಬಿಸಿದ. ಕೊಂಬಿಗೆ ತಳ ಇರುವುದಿಲ್ಲ, ತುಂಬಿದ ಮೇಲೆ ಕೆಳಗಿಡುವ ಹಾಗಿಲ್ಲ, ಪೂರ್ತಿ ಕುಡಿದೇ ತೀರಬೇಕು. ಅವನು ಒಂದೊಂದು ಹಾರೈಕೆ ಹೇಳಿ ಗುಟುಕರಿಸಿದಾಗಲೂ ನನ್ನ ಕೊಂಬು ಮತ್ತೆ ತುಂಬುತ್ತಿತ್ತು. ನಮ್ಮ ದೇಶಕ್ಕೆ, ಅವರ ದೇಶಕ್ಕೆ, ಕುರಿಗಳಿಗೆ, ಸತ್ತವರಿಗೆ. ಹೊಟ್ಟೆ ಉಬ್ಬಿ ತೇಗು ಬರತೊಡಗಿತು. ಕಂಬಳಿ ಕೇಳಲು ಬಂದವನು ಅವನ ರೊಟ್ಟಿ ಮುರಿಯುತ್ತ ಕೂತೆ, ಬಾಯಿ ಬರಲೇ ಇಲ್ಲ.

ಕಸ್ತೂರಿ ಎದ್ದು ಅವನ ಮುಂದೆ ನಿಂತಳು. "ಕಾಕಾರ, ತಪ್ಪು ತಿಳಕೋಬ್ಯಾಡ್ರಿ. ಅದು ನಮ್ಮತ್ತಿಯಾರು ನೂತಿದ್ದು. ಅವರು ಈಗಿಲ್ಲ. ತಿರುಗಿ ತರತೀನಿ ಅಂತ ಮಾವಾರಿಗೆ ಮಾತು ಕೊಟ್ಟೇನ್ರಿ." ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ, ಲಾಲಿ ಅವರ ಭಾಷೆಗೆ.

ಲಾಲಿ ಹೇಳಿ ಮುಗಿಸುವ ಮೊದಲೇ ಅಜ್ಜ ಕಂಬಳಿ ತೆಗೆದಿದ್ದ. ಮೇಜಿನ ತುಣುಕುಗಳು ತಾಗದಂತೆ ದೂರ ಸರಿದು, ಮಡಚಿ, ಎರಡೂ ಕೈಯಿಂದ ಅವಳಿಗೆ ಕೊಟ್ಟ. ಮುಖದಲ್ಲಿ ಬೇಸರದ ಗೆರೆಯೂ ಇರಲಿಲ್ಲ. ನಾನು ಕೊಂಬನ್ನು ಹಿಂದಕ್ಕೆ ಕೊಡಲು ಹೋದೆ, ಅದನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಹೊರಗೆ ಬಂದಾಗ ನಮಗೆ ಗೆದ್ದ ಹಾಗೂ ಇತ್ತು, ಕದ್ದ ಹಾಗೂ ಇತ್ತು.

ಅಪ್ಪನ ಫೋನು

ಓಣಿಯ ತುದಿಯಲ್ಲಿ ಕಸ್ತೂರಿ ಗಲಗಲಿಗೆ ವಿಡಿಯೋ ಕರೆ ಹಚ್ಚಿದಳು. ಎರಡು ದಿನ ಅಂಜಿಕೊಂಡು ಅಪ್ಪನ ಜೊತೆ ಮಾತಾಡಿರಲಿಲ್ಲ. ಈಗ ಕಂಬಳಿ ಕೈಗೆ ಬಂದಿದೆ, ಹೆದರಿಕೆ ಏನು ಎಂದು ನಾನೇ ಮುಂದೆ ನಿಂತು ಇಡೀ ಕಥೆಯನ್ನು ತಮಾಷೆಯಾಗಿ ಹೇಳಿದೆ. ಹೇಗೆ ಕಳೆದೆ, ಹೇಗೆ ಹುಡುಕಿದೆವು, ಹೇಗೆ ಇಸಕೊಂಡೆವು. ಅಪ್ಪ ನಗಲಿಲ್ಲ.

"ಮಾಳ್ಯಾ, ಮಂದಿ ಹೆಗಲಿಗೆ ಹೊಚ್ಚಿದ ಕಂಬಳಿ ಬಿಚ್ಚಿಸಿ ತಂದಿಯೇನಲೇ?"

"ಅಪ್ಪ, ಅದು ಅವ್ವಂದು..."

"ಬೀರದೇವ್ರ ಗುಡಿ ಮುಂದ ಯಾರಿಗರೆ ಹೊಚ್ಚಿದ ಕಂಬಳಿ ನಾವು ತಿರುಗಿ ಇಸಕೊಂಡಿದ್ದು ನೋಡಿಯೇನು? ಏನ ಕಲಿಸ್ತೀಯೋ ಮಾರಾಯಾ ಸಾಲ್ಯಾಗ?" ಆಮೇಲೆ ಫೋನನ್ನು ಮುಖದ ಹತ್ತಿರ ತಂದುಕೊಂಡು ಕೇಳಿದ. "ಅಂವ ಏನ ಮಾಡತಾನ?"

"ಕುರಿ ಕಾಯ್ತಿದ್ದ. ಈಗ ಮೊಣಕಾಲು ಹೋಗ್ಯಾವು."

"ಅಲ್ಲಿ ಹಿಮ ಬೀಳತೈತೇನು?"

"ಬೀಳತೈತಿ."

"ಹಂಗಾರ ತಿರುಗಿ ಹೋಗಿ ಹೊಚ್ಚಿ ಬಾ. ಫೋನು ಚಾಲೂ ಇಡು, ನಾನೂ ನೋಡತೀನಿ. ನೀ ಖರೆ ಹೊಚ್ಚತೀಯೋ ಇಲ್ಲೋ ಅಂತ."

ವಿಮಾನಕ್ಕೆ ಹೊತ್ತಾಗುತ್ತಿತ್ತು. ಓಡಿ ಹೋದೆವು. ಅಂಗಳದಲ್ಲಿ ಮೇಜು ಇನ್ನೂ ತೆಗೆದಿರಲಿಲ್ಲ, ಲಾಲಿಯೂ ಅಲ್ಲೇ ಇದ್ದಳು. ನಮ್ಮನ್ನು ಮತ್ತೆ ಕಂಡ ಗುರಾಮ್ ಅಜ್ಜ, ಈಗ ಏನು ಕೇಳಲು ಬಂದರೋ ಎಂದು ತನ್ನ ಟೊಪ್ಪಿಗೆಯನ್ನೇ ತೆಗೆದು ಕೈಯಲ್ಲಿ ಹಿಡಿದ. ನಾನು ಕಂಬಳಿಯನ್ನು ಬಿಚ್ಚಿ ಅವನಿಗೆ ಹೊದಿಸಿ, ಕಾಲು ಮುಟ್ಟಿದೆ. ಲಾಲಿ ಬಾಯಿ ತೆರೆದು ನಿಂತಳು. ಕಸ್ತೂರಿ ಫೋನನ್ನು ಅವನ ಮುಖದ ಮುಂದೆ ಹಿಡಿದಳು. ಇಬ್ಬರು ಮುದುಕರು ಒಬ್ಬರನ್ನೊಬ್ಬರು ನೋಡಿದರು. ಅಪ್ಪ ಕೈ ಮುಗಿದ. ಗುರಾಮ್ ಅಜ್ಜ ಅವನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದ, ಅಪ್ಪ ಎಲ್ಲದಕ್ಕೂ "ಹೌದು ಹೌದು" ಎಂದ.

ಕಸ್ತೂರಿ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮಾವಾರ, ತಿರುಗಿ ತರತೀನಿ ಅಂದಿದ್ನಿ..."

"ಮಾತು ನನಗ ಕೊಟ್ಟಿದ್ದಿ, ನಾನ ಬಿಟ್ಟೇನಿ ತಗೊ. ಅಳಬ್ಯಾಡ ಯವ್ವಾ. ಮೂರು ವರ್ಸ ಆಕಿನ್ನ ಪೆಟಗ್ಯಾಗ ಮಡಚಿ ಇಟ್ಟಿದ್ನಿ. ನಿಮ್ಮತ್ತಿ ಖಾಲಿ ಕುಂಡ್ರೂ ಹೆಣಮಗಳೇನು? ಅಲ್ಲಿ ಥಂಡ್ಯಾಗ ದುಡೀಲಿ ಬಿಡು."

ಅವ್ವ ತೀರಿಕೊಂಡ ದಿನ ಬಂದವರಿಗೆ ಚಹಾ, ಕುರ್ಚಿ, ಗಾಡಿ ಎಂದು ಓಡಾಡುತ್ತ ನನಗೆ ಅಳಲು ಆಗಿರಲಿಲ್ಲ. ಆಮೇಲೆ ಅಳುವ ಹೊತ್ತು ಬರಲೇ ಇಲ್ಲ. ಟಿಬಿಲಿಸಿಯ ಆ ಅಂಗಳದಲ್ಲಿ, ಹೊಟ್ಟೆ ತುಂಬ ಹಸಿರು ಸೋಡಾ ಇಟ್ಟುಕೊಂಡು, ಪರಿಚಯವಿಲ್ಲದ ಜನರ ಮುಂದೆ ನಾನು ಗಟ್ಟಿಯಾಗಿ ಅತ್ತೆ. ಗುರಾಮ್ ಅಜ್ಜ ಕಂಬಳಿಯ ಅರ್ಧ ಎಳೆದು ನನ್ನ ಹೆಗಲ ಮೇಲೂ ಹಾಕಿ ಪಕ್ಕದಲ್ಲಿ ಕೂಡ್ರಿಸಿಕೊಂಡ.